ದುಡಿಮೆಯ ತೊಡುಗೆ: ಚರ್ಮದ ಜಾಕೆಟ್, ದಪ್ಪ ಬಟ್ಟೆ, ಭಾರಿ ಬೂಟು

ಗಾಳಿ, ಕಿಡಿ, ಕೆಸರು, ಉಜ್ಜಾಟ, ಮೇಲಿಂದ ಬೀಳುವ ಭಾರ ಇವುಗಳಿಂದ ಮೈಕಾಲು ಕಾಯಲೆಂದು ಹುಟ್ಟಿ, ಆಮೇಲೆ ಶೋಕಿಗೂ ಒದಗಿದ ಉಡುಪುಗಳಲ್ಲಿ ಚರ್ಮದ ಜಾಕೆಟ್, ಕ್ಯಾನ್ವಾಸ್ ಹಾಗೂ ಡೆನಿಮ್‌ನ ಕೆಲಸದ ಬಟ್ಟೆ, ಭಾರಿ ಬೂಟು ಮುಖ್ಯವಾದವು. ಮೂರರಲ್ಲೂ ಮೂಲವಸ್ತು ತಾನಾಗಿ ಸೋಲುವುದು ಅಪರೂಪ, ಮೊದಲು ಸೋಲುವುದು ಸೇರುವೆ. ತೊಗಲು ಗಟ್ಟಿಯಾಗಿರುವಾಗಲೇ ಜಿಪ್ಪಿನ ಹಲ್ಲು ಉದುರುತ್ತದೆ, ಕಂಕುಳ ಹೊಲಿಗೆ ಬಿಡುತ್ತದೆ, ಬೂಟಿನ ಅಟ್ಟೆ ಬಾಯಿ ತೆರೆಯುತ್ತದೆ. ಹೀಗಾಗಿ ಕೊಳ್ಳುವಾಗ ವಸ್ತು ಎಷ್ಟು ದಪ್ಪ ಎನ್ನುವುದಕ್ಕಿಂತ, ಬಿಚ್ಚಿ ಮತ್ತೆ ಹೊಲಿಯಲು ಬರುತ್ತದೆಯೇ ಎಂದು ನೋಡುವುದು ಮೇಲು. ಅಂಗಡಿಯವರು ಸಾಮಾನ್ಯವಾಗಿ ಇದನ್ನು ಹೇಳುವುದಿಲ್ಲ.

ತೊಗಲು ಮತ್ತು ಹದ

ಹಸಿ ತೊಗಲು ಕೊಲಾಜನ್ ಎಂಬ ಪ್ರೋಟೀನಿನ ನಾರುಗಳ ಹೆಣಿಗೆ. ಹಾಗೇ ಬಿಟ್ಟರೆ ಕೊಳೆಯುತ್ತದೆ, ಒಣಗಿಸಿದರೆ ಹಲಗೆಯಂತೆ ಸೆಟೆಯುತ್ತದೆ. ಈ ನಾರುಗಳ ನಡುವೆ ಬೇರೊಂದು ವಸ್ತುವನ್ನು ಇಳಿಸಿ, ಕೊಳೆಯದಂತೆಯೂ ಬಾಗುವಂತೆಯೂ ಮಾಡುವುದೇ ಹದ. ಮರದ ತೊಗಟೆ, ಕಾಯಿಗಳ ಒಗರನ್ನು ಬಳಸುವ ಸಸ್ಯಹದ ಹಳೆಯದು. ದಕ್ಷಿಣ ಭಾರತದಲ್ಲಿ ತಂಗಡಿ ಗಿಡದ ತೊಗಟೆ ಮತ್ತು ಅಳಲೆಕಾಯಿ ಇದಕ್ಕೆ ಆಧಾರ. ಹತ್ತೊಂಬತ್ತನೆಯ ಶತಮಾನದಲ್ಲಿ ಮದರಾಸಿನಿಂದ ಯೂರೋಪಿಗೆ ಹೋಗುತ್ತಿದ್ದ ‘ಈಸ್ಟ್ ಇಂಡಿಯಾ’ ಹದದ ಚರ್ಮ ಇದೇ ತೊಗಟೆಯ ರಸದಲ್ಲಿ ನೆನೆದದ್ದು. ಈ ಹದಕ್ಕೆ ವಾರಗಳಿಂದ ತಿಂಗಳುಗಳವರೆಗೆ ಕಾಲ ಬೇಕು. ಸಿಗುವ ಚರ್ಮ ಬಿಗಿಯಾದದ್ದು, ಕಂದು ಬಣ್ಣದ್ದು, ಬಳಸಿದಷ್ಟೂ ಬಣ್ಣ ಗಾಢವಾಗುವಂಥದ್ದು. ಬೆಲ್ಟು, ಜೀನು, ಬೂಟಿನ ಒಳಅಟ್ಟೆ, ಕೊಲ್ಹಾಪುರಿ ಚಪ್ಪಲಿಗಳಿಗೆ ಇದೇ ಬೇಕು. ಈ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿವೆ.

ಅಮೆರಿಕದ ಆಗಸ್ಟಸ್ ಷುಲ್ಟ್ಸ್ 1884ರಲ್ಲಿ ಪೇಟೆಂಟ್ ಪಡೆದ ಕ್ರೋಮ್ ಹದ ಈ ಕಸುಬಿನ ಲೆಕ್ಕಾಚಾರವನ್ನೇ ಬದಲಿಸಿತು. ಕ್ರೋಮಿಯಂ ಲವಣದಲ್ಲಿ ತೊಗಲು ಒಂದು ದಿನದೊಳಗೆ ಹದವಾಗಬಲ್ಲದು. ಆ ಹಂತದಲ್ಲಿ ಅದರ ಬಣ್ಣ ತಿಳಿನೀಲಿ. ಇದು ಮೆದು, ಹಗುರ, ನೀರಿಗೂ ಬಿಸಿಗೂ ಹೆಚ್ಚು ತಾಳುವಂಥದ್ದು. ಒದ್ದೆಯಾದ ಸಸ್ಯಹದದ ಚರ್ಮ 70ರಿಂದ 85 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಮುದುಡತೊಡಗಿದರೆ, ಒಳ್ಳೆಯ ಕ್ರೋಮ್ ಚರ್ಮ ಕುದಿನೀರಿನ ಬಿಸಿಯನ್ನೂ ತಡೆಯುತ್ತದೆ. ಇಂದಿನ ಜಾಕೆಟ್ ಮತ್ತು ಬೂಟುಗಳ ಮೇಲ್ಭಾಗ ಬಹುಪಾಲು ಕ್ರೋಮ್ ಹದದ್ದೇ. ಇದಕ್ಕೆ ತೆತ್ತ ಬೆಲೆಯೂ ಇದೆ. ತಮಿಳುನಾಡಿನ ರಾಣಿಪೇಟೆ, ವಾಣಿಯಂಬಾಡಿ, ಆಂಬೂರುಗಳ ಹದಗಾರಿಕೆ ಘಟಕಗಳು ಪಾಲಾರ್ ಕಣಿವೆಯ ನೀರು ಕೆಡಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ಕೊಟ್ಟ ತೀರ್ಪು, ‘ಕೆಡಿಸಿದವರೇ ತೆರಬೇಕು’ ಎಂಬ ತತ್ತ್ವವನ್ನು ಭಾರತದ ಕಾನೂನಿನಲ್ಲಿ ಊರಿತು.

ತೊಗಲು ಯಾವ ಪ್ರಾಣಿಯದು ಎಂಬುದಕ್ಕಿಂತ ಯಾವ ಪದರದ್ದು ಎಂಬುದು ಬಾಳಿಕೆಯನ್ನು ಹೆಚ್ಚು ನಿರ್ಧರಿಸುತ್ತದೆ. ಕೂದಲು ಇದ್ದ ಕಡೆಯ ಮೇಲ್ಪದರದಲ್ಲಿ ನಾರುಗಳ ಹೆಣಿಗೆ ಒತ್ತಾಗಿರುತ್ತದೆ. ಇದನ್ನು ಉಜ್ಜದೆ ಉಳಿಸಿಕೊಂಡದ್ದು ಫುಲ್ ಗ್ರೇನ್. ಗೀರು, ಸೊಳ್ಳೆ ಕಡಿದ ಗುರುತುಗಳನ್ನು ಉಜ್ಜಿ ತೆಗೆದು, ಮೇಲೆ ಬಣ್ಣದ ಲೇಪ ಕೊಟ್ಟು, ಅಚ್ಚೊತ್ತಿದ್ದು ಕರೆಕ್ಟೆಡ್ ಗ್ರೇನ್. ಕೆಳಗಿನ ಸಡಿಲ ಪದರವೇ ಸ್ಪ್ಲಿಟ್. ಅದರ ಮೇಲ್ಮೈಯನ್ನು ಎಬ್ಬಿಸಿದರೆ ಸ್ಯೂಡ್. ವೆಲ್ಡಿಂಗ್ ಏಪ್ರನ್ನಿಗೆ ಸ್ಪ್ಲಿಟ್ ಸಾಕು, ಜಾಕೆಟ್ಟಿಗೆ ಸಾಲದು. ಚರ್ಮದ ಪುಡಿಯನ್ನು ಅಂಟಿನಲ್ಲಿ ಕಲಸಿ ಹಾಳೆ ಮಾಡಿದ್ದನ್ನೂ ‘ಅಸಲಿ ಚರ್ಮ’ ಎಂದು ಮಾರುವುದುಂಟು. ಕತ್ತರಿಸಿದ ಅಂಚು ಹೆಚ್ಚಾಗಿ ನಿಜ ಹೇಳುತ್ತದೆ: ಚರ್ಮವಾದರೆ ಅಲ್ಲಿ ಎಳೆಎಳೆಯಾದ ನಾರು ಕಾಣುತ್ತದೆ, ರೆಕ್ಸಿನ್ ಆದರೆ ಹಿಂಬದಿಯ ನೇಯ್ಗೆ ಬಟ್ಟೆ ಮತ್ತು ಅದರ ಮೇಲೆ ಕೂತ ಪ್ಲಾಸ್ಟಿಕ್ಕಿನ ಗೆರೆ. ಬೆರಳಿನಿಂದ ಒತ್ತಿದಾಗ ಅಸಲಿ ಮೇಲ್ಪದರ ಸಣ್ಣ ಸುಕ್ಕುಗಳಾಗಿ ಹರಡಿ, ಬಿಟ್ಟೊಡನೆ ಸರಿಹೋಗುತ್ತದೆ. ಪಾಲಿಯುರೆಥೇನ್ ಲೇಪದ ಅಗ್ಗದ ಜಾಕೆಟ್ಟುಗಳು ನಮ್ಮ ತೇವದ ಹವೆಯಲ್ಲಿ ಕೆಲವೇ ವರ್ಷಗಳಲ್ಲಿ ಹೊಪ್ಪಳಿಕೆಯಾಗಿ ಸುಲಿಯುತ್ತವೆ. ಆ ಲೇಪವನ್ನು ಗಾಳಿಯ ತೇವವೇ ಒಡೆಯುತ್ತದೆ, ಯಾವ ಪಾಲಿಶ್ಶೂ ಅದನ್ನು ತಡೆಯದು.

ಪ್ರಾಣಿಯ ವಿಷಯಕ್ಕೆ ಬಂದರೆ, ಕುರಿಯ ಚರ್ಮ ಮೆದುವಾದರೂ ಬೇಗ ಹರಿಯುತ್ತದೆ. ಮೇಕೆಯದು ತೆಳುವಾಗಿದ್ದೂ ಗಟ್ಟಿ, ಮೇಲೆ ಹರಳುಹರಳಾಗಿರುತ್ತದೆ. ದನದ್ದು ಎಲ್ಲಕ್ಕೂ ಒದಗುತ್ತದೆ. ಎಮ್ಮೆಯದು ದಪ್ಪ, ಒರಟು. ಭಾರತದಲ್ಲಿ ಎಮ್ಮೆ ಮತ್ತು ಮೇಕೆಯ ಚರ್ಮ ಧಾರಾಳವಾಗಿರುವುದರಿಂದ ಇಲ್ಲಿನ ಬೂಟುಗಳಲ್ಲಿ ಎಮ್ಮೆಯದು ಸಾಮಾನ್ಯ. ಕುದುರೆ ಚರ್ಮ ಅಮೆರಿಕದ ಹಳೆಯ ಜಾಕೆಟ್ಟುಗಳ ಹೆಮ್ಮೆ, ಇಲ್ಲಿ ಸಿಗುವುದು ದುರ್ಲಭ.

ಜಾಕೆಟ್

ಈಗಿನ ರೂಪದ ಚರ್ಮದ ಜಾಕೆಟ್ಟನ್ನು ಕೊಟ್ಟವರು ವಿಮಾನ ಮತ್ತು ಮೋಟಾರ್ ಸೈಕಲ್ ಓಡಿಸುವವರು. ನ್ಯೂಯಾರ್ಕಿನ ಇರ್ವಿಂಗ್ ಷಾಟ್ 1928ರಲ್ಲಿ ‘ಪರ್ಫೆಕ್ಟೊ’ ಜಾಕೆಟ್ ಹೊಲಿದು, ಗುಂಡಿಯ ಬದಲು ಜಿಪ್ ಇಟ್ಟ. ಆಗ ಅದರ ಬೆಲೆ ಐದೂವರೆ ಡಾಲರ್. ಬೈಕಿನ ಮೇಲೆ ಬಾಗಿ ಕೂತಾಗ ಜಿಪ್ಪು ಹೊಟ್ಟೆಗೆ ಒತ್ತದಿರಲೆಂದು ಅದು ಓರೆಯಾಗಿ ಹೋಗುತ್ತದೆ. ಎದೆಯ ಮೇಲೆ ಒಂದರ ಮೇಲೊಂದು ಬರುವ ಎರಡು ಪದರ ಗಾಳಿ ತಡೆಯುತ್ತದೆ. ಅಮೆರಿಕದ ಸೇನಾ ವಾಯುದಳ 1931ರಲ್ಲಿ ಒಪ್ಪಿದ ಎ-2 ಜಾಕೆಟ್ ಇದಕ್ಕಿಂತ ಸರಳ: ನೆಟ್ಟಗಿನ ಜಿಪ್, ಸೊಂಟಕ್ಕೂ ಮುಂಗೈಗೂ ಉಣ್ಣೆಯ ಹೆಣೆದ ಪಟ್ಟಿ. ನೌಕಾಪಡೆಯ ಜಿ-1 ಮೇಕೆ ಚರ್ಮದ್ದು. 1953ರ ‘ದಿ ವೈಲ್ಡ್ ಒನ್’ ಚಿತ್ರದಲ್ಲಿ ಮಾರ್ಲನ್ ಬ್ರ್ಯಾಂಡೊ ತೊಟ್ಟ ಮೇಲೆ ಪರ್ಫೆಕ್ಟೊ ಮಾದರಿಯ ಜಾಕೆಟ್ಟಿಗೆ ಪುಂಡಾಟದ ಗುರುತು ಅಂಟಿತು, ಮಾರಾಟವೂ ಬೇರೆಯೇ ದಾರಿ ಹಿಡಿಯಿತು.

ಫ್ಯಾಷನ್ ಜಾಕೆಟ್ಟಿನ ಚರ್ಮ ಹಲವು ಬಾರಿ 0.7ರಿಂದ 0.9 ಮಿಲಿಮೀಟರ್. ಬೈಕ್ ಸವಾರಿಗೆ ಕನಿಷ್ಠ 1.1ರಿಂದ 1.3 ಮಿಲಿಮೀಟರ್ ಇರಬೇಕು. ಆದರೆ ರಸ್ತೆಗೆ ಬಿದ್ದಾಗ ಚರ್ಮಕ್ಕಿಂತ ಮುಂಚೆ ಹರಿಯುವುದು ಹೊಲಿಗೆ. ಸವಾರಿ ಜಾಕೆಟ್ಟಿನಲ್ಲಿ ಮುಖ್ಯ ಸೇರುವೆಗಳಿಗೆ ಎರಡು ಮೂರು ಸಾಲು ಹೊಲಿಗೆ, ಹತ್ತಿಯ ಬದಲು ಪಾಲಿಯೆಸ್ಟರ್ ಇಲ್ಲವೆ ನೈಲಾನ್ ದಾರ, ಭುಜ ಮತ್ತು ಮೊಣಕೈಗೆ ಹೊಡೆತ ತಡೆಯುವ ಗಾರ್ಡ್ ಬೇಕು. ಯೂರೋಪಿನ ಇಎನ್ 17092 ಮಾನಕ ಇಂಥ ಉಡುಪನ್ನು ‘ಎಎಎ’, ‘ಎಎ’, ‘ಎ’ ಮುಂತಾದ ದರ್ಜೆಗಳಲ್ಲಿ ಗುರುತಿಸುತ್ತದೆ. ಈ ಗುರುತಿಲ್ಲದ ಜಾಕೆಟ್ಟನ್ನು ಸವಾರಿಗೆಂದು ಕೊಳ್ಳುವುದು ಬರೀ ನಂಬಿಕೆಯ ವ್ಯವಹಾರ.

ಕೊಳ್ಳುವಾಗ ಕೈಗಳನ್ನು ಮುಂದೆ ಚಾಚಿ, ಮೇಲೆತ್ತಿ ನೋಡಬೇಕು. ಕಂಕುಳ ತೂತು ಕೆಳಗಿದ್ದರೆ ಕೈ ಎತ್ತಿದೊಡನೆ ಇಡೀ ಜಾಕೆಟ್ಟು ಮೇಲೇರುತ್ತದೆ. ಅಂಥದ್ದರ ಹೊಲಿಗೆ ಬೇಗ ಬಿಡುತ್ತದೆ. ಹೊಸದು ಸ್ವಲ್ಪ ಬಿಗಿಯಾಗಿರುವುದೇ ಸರಿ, ಚರ್ಮ ಮೈಗೆ ಹೊಂದಿಕೊಂಡು ಸಡಿಲುತ್ತದೆ. ಜೇಬಿನ ಮೂಲೆಗಳಲ್ಲಿ ಒತ್ತು ಹೊಲಿಗೆ ಇದೆಯೇ, ಜಿಪ್ ಲೋಹದ್ದೇ, ಒಳಗಿನ ಲೈನಿಂಗನ್ನು ಬಿಚ್ಚಿ ಬದಲಿಸಲು ಬರುತ್ತದೆಯೇ ಎಂದು ನೋಡಬೇಕು. ಚರ್ಮಕ್ಕಿಂತ ಮೊದಲು ಲೈನಿಂಗ್ ಹರಿಯುವುದು ಸಹಜ. ಅದನ್ನು ಹೊಸದಾಗಿ ಹಾಕಿಸಲು ಒಬ್ಬ ಒಳ್ಳೆಯ ದರ್ಜಿ ಸಾಕು.

ಚರ್ಮಕ್ಕೆ ಹೊರತಾದ ಒಂದು ಕವಲೂ ಇದೆ. ಇಂಗ್ಲೆಂಡಿನ ಸೌತ್ ಷೀಲ್ಡ್ಸ್‌ನಲ್ಲಿ 1894ರಲ್ಲಿ ಶುರುವಾದ ಬಾರ್ಬರ್ ಕಂಪನಿ ಮೀನುಗಾರರಿಗೂ ಬಂದರಿನ ಕೂಲಿಗಳಿಗೂ ಮೇಣ ಉಣಿಸಿದ ಹತ್ತಿಯ ಕೋಟು ಮಾರುತ್ತಿತ್ತು. ಇದನ್ನು ಬಿಸಿನೀರು, ಸೋಪಿನಲ್ಲಿ ಒಗೆಯುವಂತಿಲ್ಲ. ತಣ್ಣೀರಿನ ಸ್ಪಂಜಿನಿಂದ ಒರೆಸಿ, ಮೇಣ ಬಿಟ್ಟ ಕಡೆ ಕರಗಿಸಿದ ಮೇಣ ಸವರಿ ಬಿಸಿಗಾಳಿಯಿಂದ ಒಳಗಿಳಿಸಬೇಕು. ಮಲೆನಾಡಿನ ಮಳೆಗೆ ಹೇಳಿಮಾಡಿಸಿದ್ದೆಂದು ತೋರಿದರೂ ಅಲ್ಲಿನ ಸೆಕೆಗೂ ತೇವಕ್ಕೂ ಅದು ಒಗ್ಗುವುದು ಕಷ್ಟ. ಅಲ್ಲಿಯವರು ಕಂಬಳಿಕೊಪ್ಪೆಯಿಂದ ನೇರ ಪ್ಲಾಸ್ಟಿಕ್ ರೇನ್‌ಕೋಟಿಗೆ ಬಂದದ್ದರಲ್ಲಿ ವಿವೇಕವಿದೆ.

ಕೆಲಸದ ಬಟ್ಟೆ

ನೆವಾಡಾದ ರೀನೊ ಊರಿನ ದರ್ಜಿ ಜೇಕಬ್ ಡೇವಿಸ್‌ನ ಬಳಿ ಒಬ್ಬ ಹೆಂಗಸು ಸೌದೆ ಕಡಿಯುವ ತನ್ನ ಗಂಡನಿಗೆ ಗಟ್ಟಿ ಪ್ಯಾಂಟು ಬೇಕೆಂದು ಕೇಳಿದಳು. ಕುದುರೆಯ ಹೊದಿಕೆಗೆ ಬಡಿಯುತ್ತಿದ್ದ ತಾಮ್ರದ ರಿವೆಟ್ಟುಗಳನ್ನೇ ಆತ ಜೇಬಿನ ಮೂಲೆಗಳಿಗೂ ಬಡಿದ. ಪೇಟೆಂಟಿಗೆ ಹಣವಿಲ್ಲದೆ, ತನಗೆ ಬಟ್ಟೆ ಕೊಡುತ್ತಿದ್ದ ಲೆವಿ ಸ್ಟ್ರಾಸ್ ಜೊತೆ ಸೇರಿದ. 1873ರ ಮೇ 20ರಂದು ಪೇಟೆಂಟ್ ಸಿಕ್ಕಿತು. ಗಮನಿಸಬೇಕಾದ್ದೆಂದರೆ ಡೇವಿಸ್ ಬಟ್ಟೆಯನ್ನು ಬಲಪಡಿಸಲಿಲ್ಲ, ಹರಿಯುವ ಜಾಗವನ್ನು ಬಲಪಡಿಸಿದ. ಡೆಟ್ರಾಯಿಟ್‌ನಲ್ಲಿ 1889ರಲ್ಲಿ ಹ್ಯಾಮಿಲ್ಟನ್ ಕಾರ್‌ಹಾರ್ಟ್ ರೈಲ್ವೆ ಕಾರ್ಮಿಕರಿಗೆ ಹೊಲಿಯತೊಡಗಿದ ಓವರಾಲ್‌ಗಳ ಪರಂಪರೆಯಲ್ಲಿಯೂ ಮೊಣಕಾಲಿಗೆ ಎರಡು ಪದರ, ಮೂರು ಸಾಲು ಹೊಲಿಗೆ ಇವೇ ಮುಖ್ಯ.

ಈ ಇತಿಹಾಸದಲ್ಲಿ ಭಾರತದ ಪಾಲು ಸಣ್ಣದಲ್ಲ. ಮುಂಬಯಿಯ ಡೋಂಗ್ರಿಯ ಹೆಸರು ಹೊತ್ತ ಒರಟು ಹತ್ತಿಬಟ್ಟೆ ಡಂಗರಿಯಾಗಿ ಹಡಗುಗಳ ಮೂಲಕ ಜಗತ್ತು ಸುತ್ತಿತು. ಖಾಕಿಯ ಕಥೆಗೆ ಎರಡು ತುದಿಗಳಿವೆ. ವಾಯವ್ಯ ಗಡಿಯ ಗೈಡ್ಸ್ ಪಡೆ 1840ರ ದಶಕದಲ್ಲೇ ಮಣ್ಣುಬಣ್ಣದ ಉಡುಪು ತೊಟ್ಟಿತ್ತು. ಇತ್ತ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ 1850ರ ದಶಕದಲ್ಲಿ ಖಾಕಿ ಬಣ್ಣವನ್ನು ರೂಪಿಸಿದ ಹಿರಿಮೆಯನ್ನು ಅಲ್ಲಿನ ನೇಯ್ಗೆಯ ಮೇಲ್ವಿಚಾರಕ ಹಾಲರ್‌ಗೆ ಕೊಡುವುದು ವಾಡಿಕೆ. ಸೈನಿಕ, ಪೊಲೀಸ್, ಅಂಚೆಯಣ್ಣ, ಆಟೊ ಚಾಲಕ ಎಲ್ಲರ ಮೈಮೇಲೂ ಬಂದ ಆ ಬಣ್ಣಕ್ಕೆ ಕೊಳೆ ಕಾಣದಿರುವುದೇ ದೊಡ್ಡ ಗುಣ.

ದಪ್ಪ ಬಟ್ಟೆಯನ್ನು ಅಳೆಯುವುದು ತೂಕದಿಂದ. ಚದರ ಗಜಕ್ಕೆ 12 ಔನ್ಸ್, ಅಂದರೆ ಚದರ ಮೀಟರಿಗೆ ಸುಮಾರು 400 ಗ್ರಾಂ ತೂಗುವ ಕ್ಯಾನ್ವಾಸ್ ಕಟ್ಟಡದ ಕೆಲಸಕ್ಕೆ ಚೆನ್ನು. ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ಅದನ್ನು ತೊಟ್ಟು ದುಡಿಯಬೇಕೆನ್ನುವುದು ಅನ್ಯಾಯ. ಅಲ್ಲಿಗೆ 7-8 ಔನ್ಸಿನ ಹತ್ತಿ ಡ್ರಿಲ್ ಸಾಕು. ಬೆಂಕಿಯ ಕೆಲಸದಲ್ಲಿ ಬಟ್ಟೆಯ ಜಾತಿ ಅದರ ತೂಕಕ್ಕಿಂತ ಮುಖ್ಯ. ವೆಲ್ಡಿಂಗ್ ಕಿಡಿ ಬಿದ್ದರೆ ಹತ್ತಿ ಕರಕಲಾಗುತ್ತದೆ. ಪಾಲಿಯೆಸ್ಟರ್, ನೈಲಾನ್‌ಗಳು ಕರಗಿ ಮೈಚರ್ಮಕ್ಕೆ ಅಂಟುತ್ತವೆ. ಕಿಡಿ ಕೂರುವುದರಿಂದ ಪ್ಯಾಂಟಿನ ಕಾಲನ್ನು ಮೇಲೆ ಮಡಚಬಾರದು, ಜೇಬಿಗೆ ಮುಚ್ಚಳವಿರಬೇಕು. ತಿರುಗುವ ಯಂತ್ರದ ಬಳಿ ಸಡಿಲ ತೋಳು ಸಲ್ಲದು. ಒಗೆಯುವಾಗ ಒಳಗನ್ನು ಹೊರಗೆ ಮಾಡಿ, ತಣ್ಣೀರಿನಲ್ಲಿ ನೆನೆಸಿ, ನೆರಳಲ್ಲಿ ಒಣಹಾಕಿದರೆ ಬಣ್ಣವೂ ನೂಲೂ ಉಳಿಯುತ್ತವೆ. ಬಟ್ಟೆಯನ್ನು ಕಲ್ಲಿಗೆ ಬಡಿಯುವ ನಮ್ಮ ಪದ್ಧತಿ ರಿವೆಟ್ಟು, ಜಿಪ್ಪುಗಳ ಶತ್ರು. ಮೊಣಕಾಲು ತೆಳುವಾದಾಗಲೇ, ತೂತು ಬೀಳುವ ಮುಂಚೆ, ಒಳಗಿನಿಂದ ತೇಪೆ ಹಾಕಬೇಕು.

ಬೂಟು

ಬೂಟಿನ ಬೆಲೆ ಅದರ ಅಟ್ಟೆ ಮೇಲ್ಭಾಗಕ್ಕೆ ಹೇಗೆ ಸೇರಿದೆ ಎಂಬುದರಲ್ಲಿದೆ. ಅಗ್ಗದವುಗಳಲ್ಲಿ ಬರೀ ಅಂಟು. ಕಾರ್ಖಾನೆಯ ಸೇಫ್ಟಿ ಶೂಗಳಲ್ಲಿ ಬಿಸಿ ಪಾಲಿಯುರೆಥೇನನ್ನು ನೇರವಾಗಿ ಮೇಲ್ಭಾಗದ ಕೆಳಗೆ ಎರಕ ಹೊಯ್ಯುತ್ತಾರೆ. ಅಟ್ಟೆ ಸವೆದರೆ ಬೂಟೇ ಮುಗಿಯಿತು. ಲೈಮನ್ ಬ್ಲೇಕ್ 1858ರಲ್ಲಿ ಪೇಟೆಂಟ್ ಮಾಡಿದ ಯಂತ್ರ ಒಳಅಟ್ಟೆಯಿಂದ ಹೊರಅಟ್ಟೆಯವರೆಗೆ ಒಂದೇ ಹೊಲಿಗೆ ಹಾಕುತ್ತದೆ. ಅದು ಹಗುರ, ಬಾಗುತ್ತದೆ, ಆದರೆ ದಾರದ ತೂತಿನ ಮೂಲಕ ನೀರು ನೇರ ಕಾಲಿಗೆ ಬರುತ್ತದೆ.

ಭಾರಿ ಬೂಟಿನ ಪ್ರಸಿದ್ಧ ಕಟ್ಟು ಗುಡ್‌ಇಯರ್ ವೆಲ್ಟ್. ರಬ್ಬರಿಗೆ ಗಂಧಕ ಸೇರಿಸಿ ಗಟ್ಟಿ ಮಾಡಿದ ಚಾರ್ಲ್ಸ್ ಗುಡ್‌ಇಯರ್‌ನ ಮಗ, ಅದೇ ಹೆಸರಿನವನು, 1870ರ ದಶಕದಲ್ಲಿ ಇದರ ಯಂತ್ರವನ್ನು ಬಳಕೆಗೆ ತಂದ. ಒಳಅಟ್ಟೆಯ ಅಡಿಯಲ್ಲಿ ಒಂದು ಏಣು ಇರುತ್ತದೆ. ಮೇಲ್ಭಾಗದ ಚರ್ಮ, ಅದರ ಲೈನಿಂಗ್ ಮತ್ತು ಬೂಟಿನ ಸುತ್ತ ಹೋಗುವ ಚರ್ಮದ ಪಟ್ಟಿ (ವೆಲ್ಟ್), ಈ ಮೂರನ್ನೂ ಆ ಏಣಿಗೆ ಅಡ್ಡಲಾಗಿ ಹೊಲಿಯುತ್ತಾರೆ. ನಡುವೆ ಉಳಿದ ತಗ್ಗನ್ನು ಬಿರಟೆಪುಡಿಯಿಂದ ತುಂಬುತ್ತಾರೆ. ತಿಂಗಳುಗಟ್ಟಲೆ ತೊಟ್ಟ ಮೇಲೆ ಅದು ತೊಟ್ಟವರ ಪಾದದ ಅಚ್ಚಾಗುತ್ತದೆ. ಆಮೇಲೆ ಹೊರಅಟ್ಟೆಯನ್ನು ಪಟ್ಟಿಗೆ ಮಾತ್ರ ಬೇರೆ ದಾರದಲ್ಲಿ ಹೊಲಿಯುತ್ತಾರೆ. ಅಟ್ಟೆ ಸವೆದಾಗ ಬಿಚ್ಚುವುದು ಈ ಎರಡನೆಯ ಹೊಲಿಗೆಯನ್ನಷ್ಟೇ. ಮೇಲ್ಭಾಗಕ್ಕೆ ಕತ್ತಿ ತಾಗುವುದೇ ಇಲ್ಲ. ಹೀಗೆ ಹಲವು ಬಾರಿ ಅಟ್ಟೆ ಹಾಕಿಸಬಹುದು.

ಇದರ ನಕಲೂ ಪೇಟೆಯಲ್ಲಿ ಧಾರಾಳ: ಪಟ್ಟಿಯ ಮೇಲೆ ಚೆಂದಕ್ಕೆ ದಾರ ಹಾಯಿಸಿ, ಕೆಳಗೆ ಬರೀ ಅಂಟಿಸಿರುತ್ತಾರೆ. ಬೂಟನ್ನು ತಲೆಕೆಳಗು ಹಿಡಿದು ಅಂಚನ್ನು ಬೆಳಕಿಗೆ ತಿರುಗಿಸಿದರೆ, ಅಟ್ಟೆಯ ತಳದ ಕಾಲುವೆಯಲ್ಲಿ ಅದೇ ಲೆಕ್ಕದ ಹೊಲಿಗೆ ಕಾಣಬೇಕು. ಒಳಗೆ ಕೈಹಾಕಿ ತಡವಿದಾಗ ಒಳಅಟ್ಟೆಯ ಮೇಲೆ ಹೊಲಿಗೆ ಸಿಕ್ಕರೆ ಅದು ಬ್ಲೇಕ್. ಎರಡೂ ಕಾಣದಿದ್ದರೆ ಹೆಚ್ಚಾಗಿ ಅಂಟಿನದೇ ಕೆಲಸ.

ಅಟ್ಟೆಯ ಮಾದರಿಗಳಲ್ಲಿ ಎರಡನ್ನು ಹೇಳಿದರೆ ಸಾಕು. ಇಟಲಿಯ ಪರ್ವತಾರೋಹಿ ವಿಟಾಲೆ ಬ್ರಮಾನಿ 1935ರಲ್ಲಿ ಆಲ್ಪ್ಸ್‌ನಲ್ಲಿ ಆರು ಮಂದಿ ಸಂಗಡಿಗರನ್ನು ಕಳೆದುಕೊಂಡ. ಅವರ ಬೂಟು ಆ ಹವೆಗೆ ತಕ್ಕದ್ದಾಗಿರಲಿಲ್ಲ. ಎರಡು ವರ್ಷಗಳಲ್ಲಿ ಆತ ರೂಪಿಸಿದ ಆಳ ಕಚ್ಚಿನ ರಬ್ಬರ್ ಅಟ್ಟೆಯೇ ವಿಬ್ರಮ್. ಜರ್ಮನ್ ವೈದ್ಯ ಕ್ಲಾಸ್ ಮೇರ್ಟೆನ್ಸ್ ಸ್ಕೀಯಿಂಗ್‌ನಲ್ಲಿ ಕಾಲು ನೋಯಿಸಿಕೊಂಡು ಮಾಡಿಕೊಂಡ ಗಾಳಿಗುಳ್ಳೆಯ ಮೆದು ಅಟ್ಟೆಯನ್ನು ಇಂಗ್ಲೆಂಡಿನ ಗ್ರಿಗ್ಸ್ ಕಂಪನಿ 1960ರ ಏಪ್ರಿಲ್ 1ರಂದು ಎಂಟು ತೂತಿನ ಬೂಟಾಗಿ ಪೇಟೆಗಿಳಿಸಿತು. ಅಂಚೆಯವರೂ ಕಾರ್ಖಾನೆ ಕಾರ್ಮಿಕರೂ ತೊಡುತ್ತಿದ್ದ ಅದು ಮುಂದೆ ರಾಕ್ ಸಂಗೀತಗಾರರ ಕಾಲಿಗೇರಿತು. ಭಾರತದಲ್ಲಿ ಸೈನ್ಯದ ಬೂಟಿಗೆ ಕಾನ್ಪುರ 1880ರ ದಶಕದಿಂದ ನೆಲೆಯಾಗಿದೆ.

ಕಾರ್ಖಾನೆಯ ಬೂಟಿಗೆ ಭಾರತೀಯ ಮಾನಕ ಐಎಸ್ 15298. ಇದರ ಸೇಫ್ಟಿ ದರ್ಜೆಯಲ್ಲಿ ಬೆರಳಿನ ಕವಚ 200 ಜೂಲ್ ಹೊಡೆತ ತಾಳಬೇಕು. ಅದು 20 ಕಿಲೋ ತೂಕ ಒಂದು ಮೀಟರಿನಷ್ಟು ಎತ್ತರದಿಂದ ಬಿದ್ದ ಹಾಗೆ. ಕೊಳ್ಳುವ ಮೊದಲು ಐಎಸ್ಐ ಗುರುತು, ತಯಾರಾದ ತಿಂಗಳು ಎರಡನ್ನೂ ನೋಡಬೇಕು.

ಬೂಟನ್ನು ಸಂಜೆ ಕೊಳ್ಳುವುದು ಲೇಸು, ಆಗ ಪಾದ ಕೊಂಚ ಊದಿರುತ್ತದೆ. ದಿನಾ ಹಾಕುವ ಸಾಕ್ಸನ್ನೇ ಹಾಕಿಕೊಂಡು ಹೋಗಬೇಕು. ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಬೇಕು. ಹಿಮ್ಮಡಿ ತುಸು ಏಳುವುದನ್ನು ಸಹಿಸಬಹುದು, ಅಟ್ಟೆ ಬಾಗತೊಡಗಿದ ಮೇಲೆ ಅದು ನಿಲ್ಲುತ್ತದೆ. ಪಾದದ ಅಗಲದಲ್ಲಿ ಒತ್ತಿದರೆ ಮಾತ್ರ ‘ಹಾಕ್ತಾ ಹಾಕ್ತಾ ಸರಿಹೋಗುತ್ತೆ ಸಾರ್’ ಎಂಬ ಮಾತಿಗೆ ಮರುಳಾಗಬಾರದು. ಗದ್ದೆಗೂ ಕಾಫಿ ತೋಟದ ಮಳೆಗಾಲಕ್ಕೂ ಎಷ್ಟೇ ಒಳ್ಳೆಯ ಚರ್ಮದ ಬೂಟು ತಪ್ಪು ಆಯ್ಕೆ. ಅಲ್ಲಿಗೆ ಗಮ್‌ಬೂಟೇ ಸರಿ.

ಪಾಲನೆ

ಚರ್ಮವನ್ನು ಕೆಡಿಸುವುದು ನೀರಿಗಿಂತ ಹೆಚ್ಚಾಗಿ ನೀರನ್ನು ಒಣಗಿಸುವ ಅವಸರ. ನೆಂದ ಬೂಟನ್ನು ಒಲೆಯ ಪಕ್ಕವೋ ಮಧ್ಯಾಹ್ನದ ಬಿಸಿಲಿಗೋ ಇಟ್ಟರೆ ನಾರುಗಳು ಮುದುಡಿ, ಬೆರಳು ಮಡಿಯುವ ಗೆರೆಯಲ್ಲಿ ಚರ್ಮ ಬಿರಿಯುತ್ತದೆ. ಆ ಬಿರುಕಿಗೆ ಮದ್ದಿಲ್ಲ. ಲೇಸ್ ಬಿಚ್ಚಿ, ನಾಲಗೆಯನ್ನು ಹೊರಗೆಳೆದು, ಹಳೆಯ ಪತ್ರಿಕೆ ತುರುಕಿ, ಕಾಗದ ಒದ್ದೆಯಾದಂತೆಲ್ಲ ಬದಲಿಸುತ್ತ ಫ್ಯಾನಿನ ಗಾಳಿಗೆ ಇಡಬೇಕು. ದಿನವೂ ಒಂದೇ ಜೊತೆ ತೊಟ್ಟರೆ ಬೆವರು ಆರಲು ಸಮಯವೇ ಇರುವುದಿಲ್ಲ. ಎರಡು ಜೊತೆಗಳನ್ನು ದಿನಬಿಟ್ಟು ದಿನ ತೊಟ್ಟರೆ ಎರಡೂ ಸೇರಿ ಬಹಳ ಕಾಲ ಬರುತ್ತವೆ.

ಶುಚಿಮಾಡಲು ಮೊದಲು ಒಣ ಬ್ರಷ್, ಆಮೇಲೆ ಒದ್ದೆ ಬಟ್ಟೆ, ಕೊಳೆ ಹೋಗದಿದ್ದರೆ ಸ್ಯಾಡಲ್ ಸೋಪು. ಬಟ್ಟೆ ಸೋಪು ಚರ್ಮದ ಜಿಡ್ಡನ್ನೆಲ್ಲ ಎಳೆದು ಹಾಕುತ್ತದೆ. ಪೂರ್ತಿ ಆರಿದ ಮೇಲೆ ಕಂಡೀಶನರ್ ಅಥವಾ ಮೇಣವನ್ನು ತೆಳುವಾಗಿ ಸವರಬೇಕು. ಎಣ್ಣೆಯ ವಿಷಯದಲ್ಲಿ ಕೈ ಬಿಗಿಹಿಡಿಯಬೇಕು. ಹಳ್ಳಿಗಳಲ್ಲಿ ಮೆಟ್ಟಿಗೆ ಹರಳೆಣ್ಣೆ ಸವರುವ ರೂಢಿ ಇದೆ. ಸಸ್ಯಹದದ ದಪ್ಪ ಚರ್ಮಕ್ಕೆ ಅದು ಸರಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುವುದರಿಂದ ಚಳಿಗಾಲದಲ್ಲಿ ಬಿಳಿ ಕಲೆಯಾಗಿ ಮೇಲೆದ್ದೀತು. ಎಣ್ಣೆ ಹೆಚ್ಚಾದರೆ ನಾರುಗಳು ಸಡಿಲುತ್ತವೆ, ಅಂಟು ಬಿಡುತ್ತದೆ. ಸ್ಯೂಡ್‌ಗೆ ಎಣ್ಣೆಯೂ ಬೇಡ, ಪಾಲಿಶ್ಶೂ ಬೇಡ, ಬ್ರಷ್ ಒಂದೇ ಸಾಕು.

ಜಾಕೆಟ್ಟಿನ ಚರ್ಮದಲ್ಲಿ ಮೊದಲು ಕೊಳೆಯಾಗುವುದು ಕೊರಳಪಟ್ಟಿ. ತಲೆಗೆ ಎಣ್ಣೆ ಹಚ್ಚುವವರ ಜಾಕೆಟ್ಟಿನ ಹಿಂಗೊರಳಲ್ಲಿ ಕಪ್ಪು, ಮಿರುಗುವ, ಮುಟ್ಟಿದರೆ ಜಿಗುಟಾದ ಪಟ್ಟಿಯೊಂದು ಏಳುತ್ತದೆ. ಎಣ್ಣೆಯೂ ಬೆವರಿನ ಉಪ್ಪೂ ಸೇರಿ ಮೇಲಿನ ಬಣ್ಣದ ಲೇಪವನ್ನು ಮೆತ್ತಗಾಗಿಸಿರುತ್ತವೆ. ಕೊರಳಿಗೊಂದು ಕರ್ಚೀಫು ಸುತ್ತಿಕೊಳ್ಳುವುದು ಎಲ್ಲ ಕ್ರೀಮುಗಳಿಗಿಂತ ಅಗ್ಗ. ಜಿಪ್ಪಿಗೆ ಆಗಾಗ ಮೇಣದಬತ್ತಿ ಉಜ್ಜಬೇಕು. ವಾಷಿಂಗ್ ಮೆಷಿನ್ನಿನ ಹತ್ತಿರ ಜಾಕೆಟ್ಟನ್ನು ಒಯ್ಯಲೇಬಾರದು.

ಕರಾವಳಿ, ಮಲೆನಾಡುಗಳಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ದೊಡ್ಡ ಕಾಟ ಬೂಷ್ಟು. ಮುಚ್ಚಿದ ಬೀರು, ಪ್ಲಾಸ್ಟಿಕ್ ಕವರ್, ಒಳಗೆ ಅರೆಒದ್ದೆ ಚರ್ಮ ಸೇರಿದರೆ ಕೆಲವೇ ದಿನಗಳಲ್ಲಿ ಹಸಿರುಬಿಳಿ ಪುಡಿ ಏಳುತ್ತದೆ. ಅದನ್ನು ಮನೆಯ ಹೊರಗೆ ಒಣ ಬಟ್ಟೆಯಿಂದ ಒರೆಸಿ, ವಿನೆಗರ್ ಬೆರೆಸಿದ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ಗಾಳಿಗೆ ಆರಿಸಬೇಕು. ಜಾಕೆಟ್ಟನ್ನು ಅಗಲ ಭುಜದ ಹ್ಯಾಂಗರಿಗೆ ತೂಗಿ, ಹಳೆಯ ಹತ್ತಿ ಬಟ್ಟೆ ಹೊದಿಸಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಸಾಕು. ನುಸಿಗುಳಿಗೆ ಉಣ್ಣೆಯ ಲೈನಿಂಗಿಗೆ ಒಳ್ಳೆಯದು, ಚರ್ಮಕ್ಕೆ ತಾಗಬಾರದು. ಬಯಲುಸೀಮೆಯ ಬೇಸಿಗೆಯಲ್ಲಿ ತೊಂದರೆ ತಿರುಗುಮುರುಗು. ಅಲ್ಲಿ ಚರ್ಮ ಒಣಗಿ ಬಿರಿಯುವ ಮೊದಲು ಕಂಡೀಶನರ್ ಬೇಕು.

ಬಳಸದೆ ಕಾಪಾಡಿಟ್ಟರೆ ಉಳಿಯುತ್ತದೆ ಎಂಬ ಲೆಕ್ಕ ಪಾಲಿಯುರೆಥೇನ್ ಅಟ್ಟೆಯ ಮಟ್ಟಿಗೆ ಸುಳ್ಳು. ಗಾಳಿಯ ತೇವ ಅದರ ಅಣುಸರಪಳಿಗಳನ್ನು ನಿಧಾನವಾಗಿ ಕಡಿಯುತ್ತದೆ. ಅಟ್ಟದ ಮೇಲೆ ಐದಾರು ವರ್ಷ ಡಬ್ಬದಲ್ಲಿ ಕೂತ, ಹೊಸದರಂತೆಯೇ ಕಾಣುವ ಟ್ರೆಕಿಂಗ್ ಬೂಟು ಕುಮಾರಪರ್ವತದ ಅರ್ಧ ದಾರಿಯಲ್ಲಿ ಪುಡಿಪುಡಿಯಾಗುವುದು ಇದರಿಂದಲೇ. ದಿನಾ ನಡೆದಾಡಿದ ಜೊತೆ ಇದಕ್ಕಿಂತ ಹೆಚ್ಚು ಬಾಳೀತು. ಪೂರ್ತಿ ರಬ್ಬರಿನ ಅಟ್ಟೆಗೆ ಈ ರೋಗವಿಲ್ಲ.

ರಿಪೇರಿ

ಹಿಮ್ಮಡಿಯ ರಬ್ಬರ್ ತುಂಡು ಸವೆದು ಒಳಪದರ ಮುಟ್ಟುವ ಮೊದಲೇ ಬದಲಿಸುವುದು ಅತಿ ಕಡಿಮೆ ಖರ್ಚಿನ ರಿಪೇರಿ, ಜನ ಅತಿ ಹೆಚ್ಚು ಮರೆಯುವುದೂ ಇದನ್ನೇ. ರಸ್ತೆಬದಿಯಲ್ಲಿ ಕೂರುವ ಮೋಚಿಗಳು ಅಂಟು ಬಿಟ್ಟ ಅಟ್ಟೆಗೆ ಸುತ್ತಲೂ ಕೈಹೊಲಿಗೆ ಹಾಕಿಕೊಡುತ್ತಾರೆ. ಮೇಣ ಸವರಿದ ದಾರದ ಆ ಹೊಲಿಗೆ ಕಾರ್ಖಾನೆಯ ಅಂಟಿಗಿಂತ ಗಟ್ಟಿ. ವೆಲ್ಟಿನ ಹೊಲಿಗೆ ಬಿಚ್ಚಿ ಹೊಸ ಅಟ್ಟೆ ಹೊಲಿಯಬಲ್ಲವರು ದೊಡ್ಡ ಊರುಗಳಲ್ಲೂ ಕೆಲವರೇ. ಚರ್ಮದ ಕಸುಬನ್ನು ಜಾತಿಗೆ ಕಟ್ಟಿಹಾಕಿ, ಅದನ್ನು ಬಲ್ಲ ಸಮಗಾರ, ಮಚ್ಚಗಾರರನ್ನು ಊರಾಚೆ ಇಟ್ಟ ಸಮಾಜ ಅವರ ಜ್ಞಾನವನ್ನು ಬರೆದಿಡಲಿಲ್ಲ. ಚೆನ್ನೈಯಲ್ಲಿ 1948ರಲ್ಲಿ ಶುರುವಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಹದದ ರಸಾಯನವನ್ನು ಕಲಿಸುತ್ತದೆ. ಕರ್ನಾಟಕದಲ್ಲಿ ಕುಶಲಕರ್ಮಿಗಳ ತರಬೇತಿ, ಮಾರಾಟಗಳನ್ನು ಲಿಡ್ಕರ್ ನಿಗಮ ನೋಡಿಕೊಳ್ಳುತ್ತದೆ.

ರಿಪೇರಿಗೆ ಒಗ್ಗದ ಸಂದರ್ಭಗಳೂ ಇವೆ. ಭಾರ ಬಿದ್ದು ಒಮ್ಮೆ ಜಜ್ಜಿದ ಉಕ್ಕಿನ ಕವಚದ ಬೂಟು ಹೊರಗೆ ಚೆನ್ನಾಗಿ ಕಂಡರೂ ಕೆಲಸಕ್ಕೆ ಬಾರದು, ಎರಡನೆಯ ಹೊಡೆತಕ್ಕೆ ಕವಚ ಒಳಗೆ ಕುಸಿದೀತು. ಬೈಕಿನಿಂದ ಬಿದ್ದು ಉಜ್ಜಿಹೋದ ಜಾಕೆಟ್ಟಿನ ಹೊಲಿಗೆಯನ್ನು ಬದಲಿಸಬಹುದು, ಅದರ ಮೊಣಕೈ ಗಾರ್ಡನ್ನು ಹೊಸದಾಗಿಯೇ ಹಾಕಬೇಕು. ಆಮ್ಲ, ಸಿಮೆಂಟಿನ ಸುಣ್ಣ ತಿಂದ ಚರ್ಮ ಕೈಯಲ್ಲೇ ಮುರಿಯುವಂತಾದರೆ ಯಾವ ಎಣ್ಣೆಯೂ ಅದನ್ನು ಹಿಂದಕ್ಕೆ ತರದು. ಸಿಮೆಂಟ್ ಕೆಲಸದವರು ಪ್ರತಿ ಸಂಜೆ ಬೂಟನ್ನು ಒದ್ದೆ ಬಟ್ಟೆಯಿಂದ ಒರೆಸಿಡುವುದು ಈ ಕಾರಣಕ್ಕೇ.